ಸಾಲಿಗೆ ಇಪ್ಪತ್ಮೂರು ಮನೆ

ಕೊಟ್ಟೂರು ಸ್ಟೇಷನ್ನಿಗೆ ಪುಸ್ತಕದ ಪಾರ್ಸೆಲ್ ಬಂದಿದೆ ಎಂದು ಗೊತ್ತಾದಾಗ ತರಲು ನಾನೇ ಹೋದೆ. ಕೈಕೆಲಸ ಕಲಿಸುವವನಿಗೆ ಪುಸ್ತಕ ತರುವ ಕೆಲಸವಿರಲಿಲ್ಲ. ಆದರೆ ಆ ವರ್ಷ ನಮ್ಮ ಅಂಧ ಮಕ್ಕಳ ಶಾಲೆಯಲ್ಲಿ ಯಾವ ಕೆಲಸ ಕಂಡರೂ ನಾನೇ ಮುಂದೆ ಬೀಳುತ್ತಿದ್ದೆ. ಹೆಡ್‌ಮೇಷ್ಟ್ರು ಜೂನ್ ಹೊತ್ತಿಗೆ ನಿವೃತ್ತರಾಗುವವರಿದ್ದರು. ಅವರ ಜಾಗದಲ್ಲಿ ನನ್ನನ್ನು ಮೇಲ್ವಿಚಾರಕನನ್ನಾಗಿ ಕೂರಿಸುವ ಮಾತು ಕಮಿಟಿಯಲ್ಲಿ ನಡೆದಿತ್ತು. ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಸ್ಟೋವು, ಬೀಗ ರಿಪೇರಿ ಮಾಡಿಕೊಂಡಿದ್ದವನು ಒಂದು ಶಾಲೆಯ ಮೇಲ್ವಿಚಾರಕನಾಗುವುದೆಂದರೆ ಸಣ್ಣ ಮಾತಲ್ಲ. ಮನೆಯಲ್ಲಿ ಇನ್ನೂ ಹೇಳಿರಲಿಲ್ಲ. ಅಂಗಿಗೆ ಇಸ್ತ್ರಿ ಹಾಕಿಸಲು ಮಾತ್ರ ಶುರು ಮಾಡಿದ್ದೆ.

ಪಾರ್ಸೆಲ್ಲಿನಲ್ಲಿ ದಪ್ಪ ಕಾಗದದ ಬ್ರೈಲ್ ಪುಸ್ತಕಗಳು, ಜೊತೆಗೊಂದು ಪತ್ರ ಇದ್ದವು. ನಮ್ಮಲ್ಲಿ ಇದ್ದದ್ದು ನಾಲ್ಕನೇ ಕ್ಲಾಸಿನವರೆಗೆ ಮಾತ್ರ. ಮುಂದೆ ಓದಬೇಕೆಂದರೆ ದೊಡ್ಡ ಊರಿನ ಅಂಧರ ಶಾಲೆಗೆ ಸೇರಬೇಕು. ಅಲ್ಲಿ ಹಾಸ್ಟೆಲ್ ಇತ್ತು, ಎಸ್ಸೆಸ್ಸೆಲ್ಸಿಯವರೆಗೂ ಓದಬಹುದಿತ್ತು. ಪತ್ರ ಆ ಶಾಲೆಯದು. ಏಪ್ರಿಲ್‌ನಲ್ಲಿ ಆಯ್ಕೆ ಪರೀಕ್ಷೆ, ಹಿಂದೆಂದೂ ಓದಿರದ ಪುಟವೊಂದನ್ನು ಗಟ್ಟಿಯಾಗಿ ಓದಬೇಕು, ಹನ್ನೆರಡು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ ಎಂದು ಬರೆದಿತ್ತು.

ನಮ್ಮಲ್ಲಿ ಪರೀಕ್ಷೆಗೆ ಹೋಗುವವರು ಮೂವರು. ಇಬ್ಬರು ಹುಡುಗರು, ಮಾಗಳದ ಒಬ್ಬ ಹುಡುಗಿ. ಹುಡುಗರಿಗೆ ಇನ್ನೂ ಮುಂದಿನ ವರ್ಷವಿತ್ತು. ಹುಡುಗಿಗೆ ಇರಲಿಲ್ಲ, ಅಷ್ಟರಲ್ಲಿ ಅವಳಿಗೆ ಹನ್ನೆರಡು ದಾಟುತ್ತಿತ್ತು. ಅವಳಪ್ಪ ಹೊಳೆಯಲ್ಲಿ ಹರಿಗೋಲು ಹಾಕುವವನು. ಮಗಳನ್ನು ಹತ್ತು ವರ್ಷ ಮನೆಯಲ್ಲೇ ಕೂರಿಸಿಕೊಂಡಿದ್ದು, ಆಮೇಲೆ ಯಾರೋ ಹೇಳಿದರೆಂದು ಕರೆತಂದು ಬಿಟ್ಟಿದ್ದ. ಮಗ್ಗಿ, ಲೆಕ್ಕ, ಪಾಠ ಎಲ್ಲ ಬಾಯಲ್ಲೇ ಒಪ್ಪಿಸಿ ಅವಳು ಎರಡು ಕ್ಲಾಸು ಹಾರಿದ್ದಳು. ಬ್ರೈಲ್ ಕಲಿತದ್ದು ಮಾತ್ರ ಹಿಂದಿನ ಜೂನ್‌ನಿಂದ. ಆದರೂ ತಾನು ಬರೆದುಕೊಂಡ ಪುಟ ಹಿಡಿದರೆ ನಿಲ್ಲದೆ ಓದುತ್ತಿದ್ದಳು.

ಅವಳ ಮುಂದೆ ಹೊಸ ಪುಸ್ತಕ ತೆರೆದಿಟ್ಟೆ.

"ಓದವ್ವ."

ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ಬೆರಳು ಮುಂದಕ್ಕೆ ಹೋಗಲಿಲ್ಲ. ಮೇಲಕ್ಕೆ ಕೆಳಕ್ಕೆ, ಮೇಲಕ್ಕೆ ಕೆಳಕ್ಕೆ ಅಲ್ಲೇ ತಿಕ್ಕಿದಳು.

"ಇದು ಅಕ್ಷರ ಅಲ್ರಿ ಸಾರ್. ಇರಿವಿ ಸಾಲು ಹೊಂಟಂಗಾಗತೈತಿ."

ಪಕ್ಕದಲ್ಲಿದ್ದ ಹುಡುಗರಲ್ಲೊಬ್ಬ ನಕ್ಕ. "ಜ್ವಾಳ ಆರಿಸಿದ ಬೆರಳು, ಸಾಸಿವಿ ಹೆಂಗ ಸಿಕ್ಕೀತು ಬಿಡವ್ವ!"

"ಭಾಳ ಶ್ಯಾಣ್ಯಾ ಅದೀಯಲ್ಲ, ನೀನ ಓದಲೇ" ಎಂದು ಪುಸ್ತಕವನ್ನು ಅವನ ಕಡೆ ತಳ್ಳಿದೆ. ಅವನು ಪುಟದ ಕೊನೆಯವರೆಗೂ ಗಡಗಡನೆ ಓದಿ, "ಮುಂದಿಂದು ಓದ್ಲೇನ್ರಿ?" ಎಂದ.

ನನಗೆ ಏನೂ ತಿಳಿಯಲಿಲ್ಲ. ಪುಸ್ತಕ ಸರಿಯಿದೆ, ಹುಡುಗಿ ಜಾಣೆ, ಅಕ್ಷರ ಬರುತ್ತದೆ. ಹಾಗಾದರೆ ಇವಳಿಗೆ ಯಾಕೆ ಆಗುವುದಿಲ್ಲ?

ಇಲ್ಲಿ ಪಾಟಿಯ ವಿಷಯ ಹೇಳಬೇಕು. ಬ್ರೈಲ್ ಬರೆಯುವ ಪಾಟಿ ಎಂದರೆ ಒಂದು ಬದಿಗೆ ಕೀಲು ಹಾಕಿದ ಎರಡು ತಗಡು. ನಡುವೆ ಕಾಗದ ಇಡುತ್ತಾರೆ. ಮೇಲಿನ ತಗಡಿನಲ್ಲಿ ಸಾಲಾಗಿ ಕಿಟಕಿಗಳು, ಕೆಳಗಿನದರಲ್ಲಿ ಪ್ರತಿ ಕಿಟಕಿಗೆ ಸರಿಯಾಗಿ ಆರು ಕುಳಿ. ಮಕ್ಕಳು ಆ ಕಿಟಕಿಗೆ ಮನೆ ಎನ್ನುತ್ತಿದ್ದರು. ದಬ್ಬಣದಂಥ ಮೊಳೆಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತಾ ಹೋಗಿ, ಕಾಗದ ತಿರುವಿದರೆ ಚುಕ್ಕಿಗಳು ಉಬ್ಬಿ ಎಡದಿಂದ ಬಲಕ್ಕೆ ಓದಲು ಸಿಗುತ್ತವೆ.

ನಮ್ಮಲ್ಲಿದ್ದ ಪಾಟಿಗಳು ಆ ಇಬ್ಬರು ಹುಡುಗರಂಥ ಹಳೆಯ ಮಕ್ಕಳಿಗೇ ಸಾಲುತ್ತಿರಲಿಲ್ಲ. ಹೊಸವಕ್ಕೆ ಬರೆದರೆ ವರ್ಷವಾದರೂ ಬರುತ್ತಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಹೆಡ್‌ಮೇಷ್ಟ್ರು ಒಂದು ಪಾಟಿ ನನ್ನ ಕೈಗಿಟ್ಟು, "ಸಾಬ್ರೇ, ಇದು ನಿಮ್ಮ ಕೈಲೆ ಆಕ್ಕೈತೇನು?" ಎಂದಿದ್ದರು. ನನ್ನ ಕೈಯಲ್ಲಿ ಆಗದ್ದು ಯಾವುದಿದೆ? ಉಕ್ಕಿನ ತುಂಡಿಗೆ ಆರು ಹಲ್ಲು ಕೊರೆದು ಅಚ್ಚು ಮಾಡಿಕೊಂಡೆ. ಆ ಅಚ್ಚನ್ನು ತಗಡಿನ ಮೇಲಿಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಹಾಕಿದರೆ ಒಂದು ಮನೆಯ ಆರೂ ಕುಳಿ ಒಟ್ಟಿಗೆ ಬೀಳುತ್ತಿದ್ದವು. ನನ್ನಲ್ಲಿದ್ದ ಉಕ್ಕು ತೇಯುವ ಅರಗಳಲ್ಲಿ ಅತಿ ಸಣ್ಣದೂ ಹಲ್ಲಿನ ಸಂದಿಗೆ ಸ್ವಲ್ಪ ದಪ್ಪವಾಯಿತು. ಸಂದಿ ಒಂದು ರವೆಯಷ್ಟು ಅಗಲವಾಯಿತು. ಅದು ನನಗೆ ಗೊತ್ತಿತ್ತು. ದೊಡ್ಡದಾದರೆ ಒಳ್ಳೆಯದೇ, ಮಕ್ಕಳಿಗೆ ಸ್ಪಷ್ಟವಾಗಿ ಸಿಗುತ್ತದೆ ಎಂದುಕೊಂಡೆ. ಮುದುಕರಿಗೆ ದಪ್ಪಕ್ಷರದ ಪಂಚಾಂಗ ಕೊಡುವುದಿಲ್ಲವೇ, ಹಾಗೆ. ಮೂಲ ಪಾಟಿಯಲ್ಲಿ ಸಾಲಿಗೆ ಇಪ್ಪತ್ತೇಳು ಮನೆ ಇದ್ದವು, ನನ್ನದರಲ್ಲಿ ಇಪ್ಪತ್ಮೂರು ಹಿಡಿದವು. "ಕಾಗದ ಲಗೂ ಮುಗೀತಾವಲ್ಲ" ಎಂದು ಹೆಡ್‌ಮೇಷ್ಟ್ರು ಒಂದು ಸಲ ಅಂದರು. ಮಕ್ಕಳು ಹೆಚ್ಚು ಬರೆಯುತ್ತಿದ್ದಾರೆಂದು ನಾನು ಹಿಗ್ಗಿದೆ.

ಇದನ್ನು ಬೆರಳಿಟ್ಟು ನೋಡಬೇಕಾದವರು ನಮ್ಮ ಬ್ರೈಲ್ ಮೇಷ್ಟ್ರು. ಹರಪನಹಳ್ಳಿಯವರು, ಹುಟ್ಟಿನಿಂದಲೇ ಕಣ್ಣಿಲ್ಲ. ನಾನು ಪಾಟಿ ಮಾಡುವ ಹೊತ್ತಿಗೆ ಅವರು ಒಂದು ವರ್ಷದ ತರಬೇತಿಗೆ ಹೋಗಿಬಿಟ್ಟಿದ್ದರು. ಬದಲಿಗೆ ಬಂದಿದ್ದ ಮೇಷ್ಟ್ರಿಗೆ ಕಣ್ಣಿತ್ತು. ಅವರು ಚುಕ್ಕಿಗಳನ್ನು ಕಣ್ಣಿನಿಂದ ನೋಡಿ ಓದುತ್ತಿದ್ದರು. ನಾನೂ ಹಾಗೆಯೇ ಕಲಿತೆ. ನನ್ನ ಪಾಟಿಯ ಅಕ್ಷರ ಕಣ್ಣಿಗೆ ಮುತ್ತಿನ ಹಾಗೆ ಕಾಣುತ್ತಿತ್ತು.

ಹಾಗಾಗಿ ಪಾಟಿಯ ಮೇಲೆ ನನಗೆ ಗುಮಾನಿ ಬರಲೇ ಇಲ್ಲ. ಬೇರೆ ಎಲ್ಲದರ ಮೇಲೂ ಬಂತು. ಚಳಿಗೆ ಬೆರಳು ಜೋಮು ಹಿಡಿದಿದೆಯೆಂದು ಬಿಸಿನೀರಿನಲ್ಲಿ ಕೈ ಅದ್ದಿಸಿದೆ. ಪುಸ್ತಕದ ಕಾಗದ ತಣಸು ಹಿಡಿದಿದೆಯೆಂದು ಬಿಸಿಲಿಗಿಟ್ಟೆ. ಕಡೆಗೆ ಒಂದು ದಿನ ಅವಳ ಬೆರಳ ತುದಿ ಹಿಡಿದು ನೋಡಿದೆ. ಒರಟಾಗಿತ್ತು. ಬೆತ್ತದ ಕುರ್ಚಿ ಹೆಣೆಯುವುದನ್ನು ಕಲಿಸಿದವನು ನಾನು. ಎಲ್ಲರಿಗಿಂತ ಚೆನ್ನಾಗಿ ಹೆಣೆಯುತ್ತಿದ್ದವಳು ಅವಳು. ಬೆತ್ತ ಎಳೆದೂ ಎಳೆದೂ ಬೆರಳು ಸತ್ತಿದೆ, ಇದು ನಾನೇ ಮಾಡಿದ ಕೆಡುಕು ಎಂದು ತೀರ್ಮಾನಿಸಿದೆ. ಅಂದಿನಿಂದ ಅವಳಿಗೆ ಬೆತ್ತ ಮುಟ್ಟಬಾರದೆಂದು ಹೇಳಿ, ಅಡುಗೆಮನೆಯಿಂದ ಬೆಣ್ಣೆ ತರಿಸಿ ಬೆರಳಿಗೆ ಹಚ್ಚಿಸಿದೆ.

"ನಾನೇನ್ ತಪ್ಪು ಮಾಡೀನ್ರಿ ಸಾರ್? ಕುರ್ಚಿ ಅರ್ಧಕ್ಕ ನಿಂತೈತಿ."

"ಬೆರಳು ಮೆತ್ತಗಾಗ್ಲಿ, ಆಮ್ಯಾಲ ಹೆಣಿವಂತಿ."

"ಆ ಹುಡುಗ್ರೂ ಹೆಣಿತಾರಲ್ರಿ. ಅವ್ರ ಬೆರಳು ಮೆತ್ತಗೈತೇನು?"

ಆದರೂ ಬೆಣ್ಣೆ ಹಚ್ಚಿಸುವುದನ್ನು ಮೂರು ವಾರ ಬಿಡಲಿಲ್ಲ. ಪುಸ್ತಕಕ್ಕೆ ಜಿಡ್ಡಾದದ್ದಷ್ಟೇ ಲಾಭ.

ಅವಳಪ್ಪ ಒಂದು ಸೋಮವಾರ ಬಂದ. ಕಟ್ಟೆಯ ಮೇಲೆ ಕೂತು ಮಗಳ ತಲೆ ಸವರುತ್ತಾ, "ಸಾಬ್ರೇ, ಸೀಟು ಸಿಕ್ರ ಓದ್ಲಿ, ನಾ ಬ್ಯಾಡನ್ನಂಗಿಲ್ಲ. ಸಿಗ್ಲಿಲ್ಲಂದ್ರ ಮನಿಗೆ ಕರಕೊಂಡ್ ಹೊಕ್ಕೀನಿ. ಅವ್ರವ್ವಗ ಮೈಯಾಗ ನೆಟ್ಟಗಿಲ್ಲ, ಸಣ್ಣ ಕೂಸು ನೋಡಿಕೊಳ್ಳಾಕ ಒಬ್ರು ಬೇಕು" ಎಂದ.

"ಸಿಗತೈತಿ ತಗೋಳಪ್ಪ" ಎಂದೆ. ಹುಡುಗಿ ಮುಖವನ್ನು ನನ್ನ ದನಿ ಬಂದ ಕಡೆ ತಿರುಗಿಸಿದಳು. ಅವಳು ನಂಬಿರಲಿಲ್ಲ. ಬೇರೆಯವರ ಮುಖ ನೋಡಿ ಸುಳ್ಳು ಹಿಡಿಯುವವರನ್ನು ಕಂಡಿದ್ದೆ. ದನಿಯಲ್ಲೇ ಹಿಡಿಯುವವರ ಮುಂದೆ ನಿಲ್ಲುವುದು ಇನ್ನೂ ಕಷ್ಟ.

ಅದೇ ವಾರ ಕಮಿಟಿಯ ಅಧ್ಯಕ್ಷರು ಬಂದರು. ಶೇಂಗಾ ವ್ಯಾಪಾರದವರು, ದೊಡ್ಡ ಮನುಷ್ಯರು. ನನ್ನ ಪಾಟಿಯೊಂದನ್ನು ಎತ್ತಿ ಬಿಸಿಲಿಗೆ ಹಿಡಿದು, "ಏನ್ ಕೆಲಸ ಸಾಬ್ರೇ! ಫಾರಿನ್ ಮಾಲಿದ್ದಂಗೈತಿ. ಕೂಡ್ಲಿಗ್ಯಾಗ, ಹಡಗಲ್ಯಾಗ ಇಂಥ ಮಕ್ಕಳಿಗೆ ಜೂನ್‌ದಾಗ ಕ್ಲಾಸು ಚಾಲೂ ಮಾಡ್ತಾರಂತ. ಅವ್ರಿಗೂ ಕೊಡೋಣು" ಎಂದು ಆರು ಪಾಟಿ ಕಟ್ಟಿಸಿಕೊಂಡು ಹೋದರು. ಹೋಗುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, "ಜೂನ್‌ಗೆ ತಯಾರಾಗ್ರಿ" ಎಂದರು. ಎದೆಯುಬ್ಬಿಸಿಕೊಂಡು ಒಳಗೆ ಬಂದರೆ ಅಲ್ಲಿ ಆ ಹುಡುಗಿ ಅದೇ ಸಾಲಿನ ಮೇಲೆ ಬೆರಳು ತಿಕ್ಕುತ್ತಿದ್ದಳು.

ಬ್ರೈಲ್ ಮೇಷ್ಟ್ರು ರಜೆಗೆ ಊರಿಗೆ ಬಂದಿದ್ದಾರೆಂದು ತಿಳಿದದ್ದೇ ತಡ, ಒಂದು ಪಾಟಿ, ಅವಳು ಬರೆದ ಒಂದು ಹಾಳೆ, ಆ ಜಿಡ್ಡಿನ ಪುಸ್ತಕ ಚೀಲಕ್ಕೆ ಹಾಕಿಕೊಂಡು ಹರಪನಹಳ್ಳಿ ಬಸ್ಸು ಹತ್ತಿದೆ. ನಿಜ ಹೇಳಬೇಕೆಂದರೆ ಪಾಟಿ ತೆಗೆದುಕೊಂಡು ಹೋದದ್ದು ಮೆಚ್ಚಲೆಂದು.

ಮೇಷ್ಟ್ರು ಜಗಲಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ನಾನು ಬೆಣ್ಣೆಯ ಕಥೆಯವರೆಗೂ ಎಲ್ಲ ಹೇಳಿದೆ. ಅವರು ಹಾಳೆಯ ಮೇಲೆ ಬೆರಳಿಟ್ಟರು. ಬೆರಳು ಒಂದೇ ಅಕ್ಷರಕ್ಕೆ ನಿಂತಿತು. ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು.

"ಇದನ್ನ ಯಾವ ಪಾಟಿ ಮೇಲೆ ಬರೆದಾಳೆ?"

ಪಾಟಿ ಕೊಟ್ಟೆ. ಉಗುರಿನಿಂದ ಕಿಟಕಿಗಳನ್ನು ಎಣಿಸುತ್ತಾ ಹೋದರು. ಎಣಿಸಿ ಮುಗಿಸಿ, ಮತ್ತೊಮ್ಮೆ ಮೊದಲಿನಿಂದ ಎಣಿಸಿದರು.

"ಸಾಬ್ರೇ, ಎಷ್ಟು ಮಕ್ಕಳು ಇದರಾಗೆ ಕಲಿತಿದಾವೆ?"

"ಎಂಟು. ಯಾಕ್ರಿ?"

"ಕಣ್ಣು ಮುಚ್ರಿ."

ಮುಚ್ಚಿದೆ. ನನ್ನ ತೋರುಬೆರಳು ಹಿಡಿದು ಪುಸ್ತಕದ ಒಂದು ಅಕ್ಷರದ ಮೇಲಿಟ್ಟರು. "ಅಲ್ಲಾಡಿಸಬ್ಯಾಡ್ರಿ. ಎಷ್ಟು ಚುಕ್ಕಿ ಸಿಗ್ತಾವೆ?" ಎಣಿಸಲು ಬರಲಿಲ್ಲ. ಆದರೆ ಇಡೀ ಅಕ್ಷರ ನನ್ನ ಬೆರಳಿನ ಅಡಿಯಲ್ಲೇ ಇದೆಯೆಂದು ಗೊತ್ತಾಯಿತು. ಆಮೇಲೆ ಹುಡುಗಿಯ ಹಾಳೆಯ ಮೇಲಿಟ್ಟರು. ಮೇಲಿನ ಚುಕ್ಕಿ ಸಿಕ್ಕರೆ ಕೆಳಗಿನದು ಬೆರಳಿನ ಆಚೆ ಉಳಿಯುತ್ತಿತ್ತು. ಅದು ಸಿಗಬೇಕಾದರೆ ಬೆರಳು ಆಡಿಸಲೇಬೇಕು.

"ಕಣ್ಣಿಗೆ ದೊಡ್ಡದಾದ್ರೆ ಚಂದ. ಬೆರಳಿಗೆ ಅದರ ಅಳತೆಗೆ ಇದ್ರೇನೇ ಚಂದ" ಎಂದರು ಮೇಷ್ಟ್ರು. "ಆ ಹುಡುಗಿ ಬೆರಳು ತಿಕ್ಕಿ ತಿಕ್ಕಿ ಓದಾದು ಕಲಿತುಬಿಟ್ಟಾಳೆ. ಸಣ್ಣ ಅಕ್ಷರ ತಿಕ್ಕಿದ್ರೆ ಎಲ್ಲ ಒಂದಾಗಿ ಹೋಗ್ತತೆ. ಅವಳ ಬೆರಳು ಸತ್ತಿಲ್ರಿ. ನೀವು ಹೇಳಿಕೊಟ್ಟಂಗೆ ನಡೀತೈತೆ."

ನಾನು ಕಣ್ಣು ಬಿಡಲಿಲ್ಲ. ಬಿಟ್ಟರೆ ಅವರ ಮುಖ ನೋಡಬೇಕಿತ್ತು. ಅವರಿಗೆ ನನ್ನ ಮುಖ ಕಾಣುವುದಿಲ್ಲವೆಂಬುದು ಆಗ ನೆನಪಿಗೇ ಬರಲಿಲ್ಲ.

ಊರಿಗೆ ಮರಳಿ ಹೆಡ್‌ಮೇಷ್ಟ್ರಿಗೆ ಹೇಳಿದೆ. ಅವರು ಬಾಗಿಲು ಮುಂದೆ ಮಾಡಿ, "ಆದದ್ದಾತು. ಸುಮ್ನ ಹೊಸವು ಮಾಡ್ರಿ. ಹಳೇವು ಒಂದೊಂದ ತೆಗೀರಿ. ಯಾರ್ ಕೇಳಾಕ ಬರ್ತಾರ?" ಎಂದರು.

"ಅಧ್ಯಕ್ಷರು ಆರು ಒಯ್ದಾರಲ್ರಿ."

"ಅವು ಕೂಡ್ಲಿಗಿ, ಹಡಗಲಿ ಮಾತು. ಜೂನ್ ಬರಾತನ ತಡೀರಿ ಸಾಬ್ರೇ. ಕುರ್ಚಿ ಮ್ಯಾಲ ಕುಂತ ಮ್ಯಾಲ ಏನರ ಮಾಡಾಕ ಬರತೈತಿ."

ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ಎರಡು ದಿನ ಅದೇ ಸರಿ ಎಂದುಕೊಂಡೆ. ಮೂರನೆಯ ದಿನ ಸರಿಯಲ್ಲ ಅನ್ನಿಸಿತು. ನಾಲ್ಕನೆಯ ದಿನ ಮತ್ತೆ ಸರಿ ಅನ್ನಿಸಿತು. ತಲೆ ಓಡದಿದ್ದಾಗ ನಾನು ಕೈಗೆ ಕೆಲಸ ಕೊಡುವವನು. ಹಗರಿಬೊಮ್ಮನಹಳ್ಳಿಗೆ ಹೋಗಿ, ಗಡಿಯಾರ ರಿಪೇರಿಯ ಗೆಳೆಯನಿಂದ ಕೂದಲೆಳೆಯಂಥ ಅರವೊಂದನ್ನು ಕೇಳಿ ತಂದೆ. ಹೊಸ ಅಚ್ಚು ಕೊರೆದೆ. ಈ ಸಲ ಅಡಿಪಟ್ಟಿ ಮುಟ್ಟಲಿಲ್ಲ. ಮೂಲ ಪಾಟಿಯಲ್ಲಿ ಒಂದು ಅಕ್ಷರ, ನನ್ನದರಲ್ಲಿ ಅದೇ ಅಕ್ಷರ ಚುಚ್ಚಿ, ಸಾಸಿವೆಯ ಮಾತಾಡಿದ್ದ ಆ ಹುಡುಗನ ಮುಂದಿಟ್ಟೆ.

"ಯಾವುದು ನಂದು ಹೇಳಲೇ."

ಏಳು ಸಲ ಅವನು ನನ್ನದನ್ನು ಹಿಡಿದ. ಏಳು ಸಲವೂ ಹಲ್ಲು ತಿದ್ದಿದೆ. ಎಂಟನೆಯ ಸಲ, "ಎಲ್ಡೂ ಅವೇ ಅದಾವಲ್ರಿ, ಚಾಷ್ಟಿ ಮಾಡ್ತೀರೇನು?" ಎಂದ. ಹೊಸ ಪಾಟಿಯಲ್ಲಿ ಸಾಲಿಗೆ ಇಪ್ಪತ್ತೇಳು ಮನೆ ಕೂತವು.

ಕೈಗೆ ಸಿಕ್ಕಿದ ಮೇಲೆ ತಲೆಗೂ ಸಿಕ್ಕಿತು. ಜೂನ್‌ನಲ್ಲಿ ಆ ಆರು ಪಾಟಿಯ ಮೇಲೆ ಆರು ಮಕ್ಕಳು ಬೆರಳು ತಿಕ್ಕುವುದನ್ನು ಶುರು ಮಾಡುತ್ತಾರೆ. ಅಲ್ಲಿಗೆ ಹೇಳಲು ಹೋಗುವವರು ಯಾರು? ಮಾರನೆಯ ದಿನ ಬೆಳಿಗ್ಗೆ ಅಧ್ಯಕ್ಷರ ಅಂಗಡಿಗೆ ಹೋಗಿ, ಪಾಟಿಗಳನ್ನು ವಾಪಸು ಕೊಡಿ, ಅವು ತಪ್ಪಾಗಿವೆ ಎಂದೆ.

ಅವರು ತಕ್ಕಡಿಯ ಕಡೆ ನೋಡುತ್ತಲೇ ಕೇಳಿದರು. "ನೋಡಿದೋರು ಯಾರೂ ತಪ್ಪನ್ನಲಿಲ್ಲಲ್ಲ?"

"ನೋಡಿದೋರಿಗೆ ತಿಳಿಯಂಗಿಲ್ರಿ. ಮುಟ್ಟಿದೋರಿಗೆ ತಿಳೀತೈತಿ."

"ಮತ್ತ ಜೂನ್‌ದ ಮಾತು? ಕಮಿಟಿಯಾಗ ನಿಮ್ಮ ಪಾಟಿ ತೋರ್ಸೇ ನಾ ಹೆಸರು ಹೇಳೀನಿ."

"ಬ್ರೈಲ್ ಮೇಷ್ಟ್ರು ಅಷ್ಟೊತ್ತಿಗೆ ಬರ್ತಾರಲ್ರಿ. ಅವ್ರನ್ನ ಮಾಡ್ರಿ."

"ಕಣ್ಣಿಲ್ಲದೋರು ಶಾಲಿ ಹೆಂಗ ನೋಡ್ಕೋತಾರ್ರಿ?"

"ಕಣ್ಣಿದ್ದ ನಾ ನೋಡ್ಕೊಂಡಿದ್ದು ಹಿಂಗಾತಲ್ರಿ."

ಅಧ್ಯಕ್ಷರು ಆಗ ನನ್ನನ್ನು ನೋಡಿದರು. ಆಳನ್ನು ಕರೆದು ಕಟ್ಟು ತರಿಸಿದರು. ಹಗ್ಗ ಬಿಚ್ಚಿರಲಿಲ್ಲ.

ಮೇಷ್ಟ್ರನ್ನು ಮಾಡಿ ಎಂಬ ಮಾತು ನನ್ನ ಬಾಯಲ್ಲಿ ಯಾಕೆ ಬಂತೋ ಇವತ್ತಿಗೂ ಬಗೆಹರಿದಿಲ್ಲ. ನ್ಯಾಯವೆಂದು ಹೇಳಿದೆನೋ, ಅವರು ಬೇಡವೆನ್ನುವ ಮೊದಲೇ ನಾನೇ ಬೇಡವೆನ್ನಬೇಕೆಂಬ ಸೊಕ್ಕಿನಿಂದ ಹೇಳಿದೆನೋ. ಕಟ್ಟು ಹೊತ್ತು ಬಜಾರಿನಲ್ಲಿ ಬರುವಾಗ ಎರಡು ಸಲ ನಿಂತೆ, ವಾಪಸು ಹೋಗಿ ಮಾತು ತಿರುಗಿಸಲೇ ಎಂದು. ಶಾಲೆಗೆ ಬಂದವನೇ ತಪ್ಪು ಪಾಟಿಗಳನ್ನೆಲ್ಲ ಕೀಲು ಬಿಡಿಸಿ ಕತ್ತರಿಸಿದೆ. ಹಳೆಯ ಅಚ್ಚಿನ ಹಲ್ಲುಗಳನ್ನು ಅರದಿಂದ ತೇದುಬಿಟ್ಟೆ. ಇನ್ನು ಮನಸ್ಸು ಬದಲಾದರೂ ಪ್ರಯೋಜನವಿಲ್ಲದ ಹಾಗೆ.

ಪರೀಕ್ಷೆಗೆ ಉಳಿದದ್ದು ಆರು ವಾರ. ಬ್ರೈಲ್ ಮೇಷ್ಟ್ರು ಹೇಳಿ ಕಳಿಸಿದ್ದು ಇಷ್ಟೇ: ಹದಿನೈದು ದಿನ ಅವಳು ಏನೂ ಬರೆಯಬಾರದು, ಪುಸ್ತಕ ಮಾತ್ರ ಓದಬೇಕು, ಬೆರಳು ತಿಕ್ಕಬಾರದು. ತಿಕ್ಕಬೇಡ ಎಂದರೆ ಕೈ ಕೇಳಬೇಕಲ್ಲ. ಅವಳು ಅಳುತ್ತಾ ತಿಕ್ಕಿದಳು. ನಾಲ್ಕನೆಯ ದಿನ ನಾನು ಎರಡು ತೆಳ್ಳನೆಯ ಬೆತ್ತದ ಸೀಳು ತೆಗೆದು, ಬೆರಳಗಲ ಸಂದಿ ಬಿಟ್ಟು ಎರಡೂ ತುದಿ ಕಟ್ಟಿ ಸಾಲಿನ ಮೇಲಿಟ್ಟೆ. ಬೆರಳು ಮುಂದಕ್ಕೆ ಹೋಗಬಹುದು, ಮೇಲೆ ಕೆಳಗೆ ಹೋಗಲು ದಾರಿಯಿಲ್ಲ.

ಅವಳು ಒಳಗೆ ಬೆರಳಿಟ್ಟು ಒಂದು ಸಲ ಉದ್ದಕ್ಕೂ ಎಳೆದು ನಕ್ಕಳು. "ರೈಲಿನ ಹಳಿ ಮಾಡೀರೇನ್ರಿ!" ಆಮೇಲೆ ಗಂಟು ಮುಟ್ಟಿ ನೋಡಿ, "ಕಟ್ಟಿದ್ದು ಸಡ್ಲೈತಿ. ಕೊಡ್ರಿ ಇಲ್ಲಿ, ನಾ ಬಿಗೀತೀನಿ" ಎಂದಳು. ಬೆತ್ತ ಮುಟ್ಟಬಾರದೆಂದು ಹೇಳಿದ್ದು ಆಗ ಇಬ್ಬರಿಗೂ ನೆನಪಿರಲಿಲ್ಲ.

ನಾನೂ ಎದುರಿಗೆ ಕೂತು ಕಣ್ಣಿಗೆ ಟವೆಲ್ ಕಟ್ಟಿಕೊಂಡು ಬೆರಳಿನಿಂದ ಓದುವುದನ್ನು ಕಲಿಯತೊಡಗಿದೆ. ಅವಳಿಗಿಂತ ಹಿಂದೆಯೇ ಉಳಿದೆ. ನಾನು ತಡವರಿಸಿದಾಗಲೆಲ್ಲ ಅವಳಿಗೆ ಹುರುಪು ಬರುತ್ತಿತ್ತು. "ಸಾರ್, ನಿಮ್ದು ಇನ್ನಾ ಮದಲ್ನೇ ಸಾಲೇನ್ರಿ?"

ಪರೀಕ್ಷೆಗೆ ಮೂವರನ್ನೂ ನಾನೇ ಕರೆದುಕೊಂಡು ಹೋದೆ. ಓದಿಸಿದವರು ಕಣ್ಣಿಲ್ಲದ ಒಬ್ಬ ಹಿರಿಯ ಮೇಡಂ. ಹುಡುಗಿ ಬೆತ್ತದ ಹಳಿ ತೆಗೆದು ಪುಟದ ಮೇಲಿಟ್ಟಾಗ ಅದನ್ನು ಮುಟ್ಟಿ ನೋಡಿ ಪಕ್ಕಕ್ಕಿಟ್ಟರು. "ಇದಿಲ್ಲದೆ ಓದು." ನಾನು ಬಾಗಿಲ ಬಳಿ ನಿಂತಿದ್ದೆ. ಅವಳ ಬೆರಳು ಮೊದಲ ಅಕ್ಷರದ ಮೇಲೆ ಕೂತಿತು. ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಆಡಿತು. ಆಮೇಲೆ ಬೆರಳು ಮುಂದಕ್ಕೆ ಹೊರಟಿತು, ಸಾಲು ಮುಗಿಸಿತು. ಎರಡನೆಯ ಸಾಲಿನ ಮೊದಲಿಗೂ ಅದೇ, ಮೂರನೆಯದಕ್ಕೂ ಅದೇ. ಸಾಲಿಗೊಂದು ಸಲ ತಡವರಿಸಿ, ಉಳಿದದ್ದನ್ನು ನಿಧಾನವಾಗಿ, ತಪ್ಪಿಲ್ಲದೆ ಓದಿದಳು.

ಮೇಡಂ ಅವಳ ಕೈ ಮೇಲೆ ಕೈಯಿಟ್ಟಿದ್ದರು. "ಸಾಲಿನ ಮೊದಲಲ್ಲಿ ಬೆರಳು ಯಾಕೆ ಆಡುತ್ತೆ?"

"ಮೊದ್ಲು ಕಲಿತ ಪಾಟಿ ದೊಡ್ಡದಿತ್ರಿ."

"ಯಾರು ಮಾಡಿದ್ದು ಅದನ್ನ?"

ಹುಡುಗಿ ಸುಮ್ಮನಾದಳು. ಗೊತ್ತಿಲ್ಲವೆಂದಲ್ಲ. ನಾನು ಬಾಗಿಲಲ್ಲಿರುವುದು ಅವಳಿಗೆ ಗೊತ್ತಿತ್ತು.

"ನಾನ್ರಿ" ಎಂದೆ.

ಮೇಡಂ ನನ್ನ ಕಡೆ ಮುಖ ತಿರುಗಿಸಿದರು. ಹಳಿಯನ್ನು ಮತ್ತೆ ಕೈಗೆತ್ತಿಕೊಂಡು, "ಇದನ್ನ?" ಎಂದರು.

"ಅದನ್ನೂ ಅವ್ರೇ ಮಾಡಿದ್ದುರಿ. ಗಂಟು ನಂದು" ಎಂದಳು ಹುಡುಗಿ.

ಜೂನ್‌ನಲ್ಲಿ ಬ್ರೈಲ್ ಮೇಷ್ಟ್ರು ಮೇಲ್ವಿಚಾರಕರಾದರು. ನಾನು ಕೈಕೆಲಸ ಕಲಿಸುವವನಾಗಿಯೇ ಉಳಿದೆ. ಆ ಕುರ್ಚಿಯಲ್ಲಿ ಅವರನ್ನು ಕಂಡ ಮೊದಲ ದಿನ ಹೊಟ್ಟೆಯಲ್ಲಿ ಕಿಚ್ಚು ಬಿದ್ದದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ನನ್ನ ಹೊಸ ಪಾಟಿಗಳು ಅವರ ಬೆರಳು ದಾಟದೆ ಮಕ್ಕಳ ಕೈಗೆ ಹೋಗುತ್ತಿರಲಿಲ್ಲ. ಒಂದೆರಡನ್ನು ತಿರುಗಿಸಿಯೂ ಕಳಿಸಿದರು.

ಆಗಸ್ಟ್‌ನಲ್ಲಿ ದೊಡ್ಡ ಊರಿನ ಅಂಧರ ಶಾಲೆಯಿಂದ ನನ್ನ ಹೆಸರಿಗೊಂದು ಲಕೋಟೆ ಬಂತು. ಒಳಗೆ ಚುಕ್ಕಿಯ ಹಾಳೆ. ಕಣ್ಣಿನಿಂದ ಓದಿದ್ದರೆ ಎರಡು ನಿಮಿಷದ ಕೆಲಸ. ಕಿಟಕಿಯ ಹತ್ತಿರ ಕೂತು, ಕಣ್ಣು ಮುಚ್ಚಿ, ಬೆರಳಿಟ್ಟೆ. ಮೊದಲ ಸಾಲಿಗೇ ಬಹಳ ಹೊತ್ತು ಹಿಡಿಯಿತು. ಅದರಲ್ಲಿ ಕ್ಷೇಮಸಮಾಚಾರ ಏನೂ ಇರಲಿಲ್ಲ.

"ಸಾರ್, ಇಲ್ಲಿ ಪಾಟಿ ಕೊಟ್ಟ ಕೂಡ್ಲೆ ಎಣಿಸಿದೆ. ಸಾಲಿಗೆ ಇಪ್ಪತ್ತೇಳು ಮನಿ ಅದಾವು."